ಮೂರು ಮೇಲ್ ಐಡಿ, ಉತ್ತರ ಯಾವುದರಿಂದ?

ನನ್ನ ಹತ್ತಿರ ಮೂರು ಮೇಲ್ ಐಡಿ ಇವೆ. ಒಂದು ಸ್ವಂತದ್ದು, ಜಿಮೇಲ್. ಇನ್ನೊಂದು ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನಮ್ಮ ಆಮಂತ್ರಣ ಪತ್ರಿಕೆ ಡಿಸೈನ್ ಅಂಗಡಿಯದ್ದು, ನಮ್ಮದೇ ಡೊಮೇನ್‌ನಲ್ಲಿ, ಅಂದರೆ @ ಆದ ಮೇಲೆ ನಮ್ಮದೇ ಹೆಸರು. ಮೂರನೆಯದು ನಾನು ಕಾರ್ಯದರ್ಶಿಯಾಗಿರುವ ಹವ್ಯಾಸಿ ಯಕ್ಷಗಾನ ಸಂಘದ್ದು. ಅದೂ ಜಿಮೇಲೇ. ಮೂರನ್ನೂ ಒಂದೇ ಕಡೆ ಓದುವುದು ಸುಲಭ. ಫಾರ್ವರ್ಡ್ ಹಾಕಿದರೆ ಮುಗಿಯಿತು. ತಲೆನೋವು ಇರುವುದು ಉತ್ತರ ಬರೆಯುವಾಗ.

ನಾವು ಯಾವ ಐಡಿಯಿಂದ ಉತ್ತರಿಸುತ್ತೇವೋ ಅದು ಎದುರಿನವರ ಫೋನಿನಲ್ಲಿ ಕೂತುಬಿಡುತ್ತದೆ. ಮುಂದಿನ ಸಲ ಹೆಸರಿನ ಎರಡಕ್ಷರ ಒತ್ತಿದರೆ ಸಾಕು, ಅದೇ ಎದ್ದು ಬರುತ್ತದೆ. ನಮ್ಮ ಗಿರಾಕಿಗಳಲ್ಲಿ ಮುಂಬೈ, ದುಬೈಯಲ್ಲಿರುವವರು ಜಾಸ್ತಿ. ಮದುವೆ ಊರಲ್ಲಿ, ಪ್ರೂಫ್ ನೋಡುವುದು ಅಲ್ಲಿ. ಅಂಥವರೊಬ್ಬರು ಫೋನ್ ಮಾಡಿ, "ಮಾರಾಯ್ರೆ, ನಿಮ್ಮ ಹೆಸರು ಹಾಕಿದ್ರೆ ಮೂರು ಐಡಿ ತೋರಿಸ್ತದೆ, ನಾನು ಯಾವುದಕ್ಕೆ ಕಳಿಸ್ಲಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅಂಗಡಿಯ ಮೇಲ್ ಆದರೆ ನಾನಿಲ್ಲದಾಗ ಕೆಲಸದವರು ನೋಡುತ್ತಾರೆ. ಸ್ವಂತದ್ದನ್ನು ನಾನೊಬ್ಬನೇ ನೋಡುವುದು. ರಾತ್ರಿಯಿಡೀ ನಾನು ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಇದ್ದು, ಪ್ರೂಫಿನ ತಿದ್ದುಪಡಿ ಸ್ವಂತ ಮೇಲ್‌ಗೆ ಬಂದು ಬಿದ್ದಿದ್ದರೆ ಪ್ರಿಂಟ್ ಅಲ್ಲೇ ನಿಲ್ಲುತ್ತದೆ. ಮುಹೂರ್ತ ನಮಗಾಗಿ ಕಾಯುವುದಿಲ್ಲ ಅಲ್ವಾ.

ಅಂಗಡಿಯ ಐಡಿಯನ್ನು ಜಿಮೇಲ್‌ಗೆ ಸೇರಿಸಿದ್ದು ಹೀಗೆ. ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಅಕೌಂಟ್ಸ್ ಆ್ಯಂಡ್ ಇಂಪೋರ್ಟ್, ಅದರಲ್ಲಿ ಸೆಂಡ್ ಮೇಲ್ ಆ್ಯಸ್. ಫೋನಿನ ಆ್ಯಪ್‌ನಲ್ಲಿ ಹುಡುಕಬೇಡಿ, ಅಲ್ಲಿ ಈ ಜಾಗ ಇಲ್ಲ. ಡೊಮೇನ್ ಮೇಲ್ ಆದ್ದರಿಂದ ಎಸ್ಎಂಟಿಪಿ ಸರ್ವರ್ (ಮೇಲ್ ಹೊರಗೆ ಕಳಿಸುವ ಕಂಪ್ಯೂಟರ್) ಹೆಸರು, ಪೋರ್ಟ್, ಪಾಸ್‌ವರ್ಡ್ ಕೇಳುತ್ತದೆ. ಹೋಸ್ಟಿಂಗ್ ಕೊಟ್ಟವರಲ್ಲಿ, ಅಂದರೆ ಡೊಮೇನ್ ಮೇಲ್ ನಡೆಸಿಕೊಡುವ ಕಂಪನಿಯಲ್ಲಿ, ಕೇಳಿದರೆ ಕೊಡುತ್ತಾರೆ. ಪೋರ್ಟ್ ಸಾಮಾನ್ಯವಾಗಿ 587 ಅಥವಾ 465. ಆಮೇಲೆ ಆ ಐಡಿಗೆ ಒಂದು ಕೋಡ್ ಬರುತ್ತದೆ, ಅದನ್ನು ಹಾಕಿದರೆ ಆಯಿತು. ಡೊಮೇನ್‌ಗೆ ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಜಕ್ಕೂ ಆ ಡೊಮೇನ್‌ನಿಂದಲೇ ಬಂದದ್ದು ಎಂದು ತೋರಿಸುವ ಗುರುತುಗಳು) ಸರಿಯಾಗಿದೆಯಾ ಎಂದೂ ಅವರನ್ನೇ ಕೇಳಿ. ಇಲ್ಲದಿದ್ದರೆ ಪ್ರೂಫ್ ಸ್ಪ್ಯಾಮ್‌ಗೆ ಹೋಗುವ ಸಂಭವ ಜಾಸ್ತಿ.

ಅದೇ ಪುಟದಲ್ಲಿ ಎರಡು ಆಯ್ಕೆ ಇವೆ. ಬಂದ ವಿಳಾಸದಿಂದಲೇ ಉತ್ತರಿಸುವುದು ಒಂದು, ಯಾವಾಗಲೂ ಡೀಫಾಲ್ಟ್‌ನಿಂದ (ನಾವು ಬೇರೆ ಆರಿಸದಿದ್ದರೆ ತಾನಾಗಿ ಹಿಡಿಯುವ ಐಡಿ) ಉತ್ತರಿಸುವುದು ಇನ್ನೊಂದು. ನಾನು ಮೊದಲನೆಯದನ್ನು ಇಟ್ಟಿದ್ದೇನೆ. ಕಾಗದ ಯಾವ ಮನೆಗೆ ಬಂತೋ ಉತ್ತರ ಆ ಮನೆಯಿಂದಲೇ ಹೋಗಲಿ.

ಹಾಗಾದರೆ ಡೀಫಾಲ್ಟ್ ಯಾವುದಾದರೂ ನಡೆಯುತ್ತದೆ ಎಂದುಕೊಳ್ಳಬೇಡಿ. ಜಿಮೇಲ್‌ಗೆ ಗೊತ್ತಾಗುವುದು ಟು, ಸಿಸಿ ಸಾಲಿನಲ್ಲಿ ನಮ್ಮ ಐಡಿ ಇದ್ದರೆ ಮಾತ್ರ. ಬಿಸಿಸಿಯಲ್ಲಿ ಬಂದ ಮೇಲ್‌ನಲ್ಲಿ ನಮ್ಮ ಹೆಸರೇ ಕಾಣುವುದಿಲ್ಲ. ಗ್ರೂಪ್ ವಿಳಾಸಕ್ಕೆ ಬಂದದ್ದೂ ಹಾಗೆಯೇ. ಆಗ ಅದು ಡೀಫಾಲ್ಟನ್ನೇ ಹಿಡಿಯುತ್ತದೆ. ಹೊಸ ಮೇಲ್ ಬರೆಯುವಾಗಲೂ ಅದೇ. ಅಂದರೆ ನಾವು ಗಮನಿಸದೆ ಕಳಿಸುವ ಮೇಲ್‌ಗಳೆಲ್ಲ ಡೀಫಾಲ್ಟ್ ಐಡಿಯಿಂದ ಹೋಗುತ್ತವೆ.

ಆದ್ದರಿಂದ ಯಾವ ಐಡಿ ಮುಖ್ಯ ಎಂದು ನಾನು ನೋಡಲಿಲ್ಲ. ಯಾವುದರಿಂದ ತಪ್ಪಿ ಹೋದರೆ ನಷ್ಟ ಕಡಿಮೆ ಎಂದು ನೋಡಿದೆ. ಗಿರಾಕಿಗೆ ಸ್ವಂತ ಐಡಿಯಿಂದ ಹೋದರೆ ಮುಂದಿನ ಆರ್ಡರ್‌ಗಳೂ ಅಲ್ಲಿಗೇ ಬರುತ್ತವೆ, ಅದು ವರ್ಷಗಟ್ಟಲೆ ಕಾಡುತ್ತದೆ. ಮಗಳ ಶಾಲೆಗೆ ಬರೆದದ್ದು ಅಂಗಡಿಯ ಐಡಿಯಿಂದ ಹೋದರೆ, ಬಂದ ಉತ್ತರವನ್ನು ಅಂಗಡಿಯವರೂ ಓದುತ್ತಾರೆ. ಸ್ವಲ್ಪ ಮುಜುಗರ, ಅಷ್ಟೇ. ಹಾಗಾಗಿ ಅಂಗಡಿಯದ್ದನ್ನೇ ಡೀಫಾಲ್ಟ್ ಮಾಡಿದೆ. ಬ್ಯಾಂಕಿಗೆ ಬರೆಯುವಾಗ ಮಾತ್ರ ಮೇಲಿನ ಫ್ರಮ್ ಸಾಲು ನೋಡಿಯೇ ಕಳಿಸುತ್ತೇನೆ. ನೋಂದಾಯಿಸಿದ ಐಡಿಯಿಂದ ಹೋಗದಿದ್ದರೆ ಅವರು ಕೆಲಸ ಮಾಡಿಕೊಡಲಿಕ್ಕಿಲ್ಲ.

ಮಣಿಪಾಲದಲ್ಲಿ ಕಂಪನಿ ಕೆಲಸದಲ್ಲಿರುವ ನನ್ನ ಭಾವನಿಗೆ ನಾನು ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ. ಅವರ ಆಫೀಸ್ ಐಡಿ ಕಂಪನಿಯದ್ದು. ಕೆಲಸ ಬಿಟ್ಟ ದಿನ ಅದೂ ಹೋಯಿತು. ಅಂಥದ್ದಕ್ಕೆ ಮನೆ ಸಾಲ, ಇನ್ಶೂರೆನ್ಸ್‌ನ ಕಾಗದ ಬರುವಂತೆ ಆಗಬಾರದು.

ಸಂಘದ ಐಡಿಯ ಕಥೆಯೇ ಬೇರೆ. ಅದನ್ನೂ ನನ್ನ ಜಿಮೇಲ್‌ಗೆ ಸೇರಿಸಿದ್ದೆ, ಆಮೇಲೆ ತೆಗೆದೆ. ಸೆಂಡ್ ಮೇಲ್ ಆ್ಯಸ್‌ನಲ್ಲಿ ಕಳಿಸಿದ ಮೇಲ್‌ನ ಪ್ರತಿ ಉಳಿಯುವುದು ನನ್ನ ಸೆಂಟ್ ಫೋಲ್ಡರ್‌ನಲ್ಲಿ, ಸಂಘದ ಸೆಂಟ್‌ನಲ್ಲಿ ಅಲ್ಲ. ಮಹಾಸಭೆಯಲ್ಲಿ ಹೊಸ ಕಾರ್ಯದರ್ಶಿ ಬಂದು ಪಾಸ್‌ವರ್ಡ್ ತೆಗೆದುಕೊಂಡರೆ ಅವರಿಗೆ ಸಿಗುವುದು ಅರ್ಧ ಮಾತುಕತೆ. ಭಾಗವತರಿಗೆ ಏನು ಒಪ್ಪಿಕೊಂಡೆವು, ಸಭಾಭವನದವರಿಗೆ ಯಾವ ದಿನ ಹೇಳಿದೆವು, ಒಂದೂ ಇರುವುದಿಲ್ಲ. ಈಗ ಅದು ಫೋನಿನಲ್ಲಿ ಬೇರೆಯೇ ಅಕೌಂಟ್ ಆಗಿ ಇದೆ. ಫಾರ್ವರ್ಡ್ ಕೂಡ ನಿಲ್ಲಿಸಿದೆ. ಆಲ್ ಇನ್‌ಬಾಕ್ಸಸ್‌ನಲ್ಲಿ ಎಲ್ಲ ಒಟ್ಟಿಗೇ ಕಾಣುತ್ತದೆ, ಉತ್ತರ ಮಾತ್ರ ಬಂದ ಅಕೌಂಟ್‌ನಿಂದಲೇ ಹೋಗುತ್ತದೆ.

ರಿಪ್ಲೈ-ಟು ಎಂಬ ಇನ್ನೊಂದು ಸೌಲಭ್ಯ ಇದೆ. ಮೇಲ್ ಒಂದು ಐಡಿಯಿಂದ ಹೋಗುತ್ತದೆ, ಉತ್ತರ ಮತ್ತೊಂದಕ್ಕೆ ಬರುತ್ತದೆ. ನನಗೆ ಅದು ಇಷ್ಟ ಇಲ್ಲ. ಗಿರಾಕಿಗೆ ಕಾಣುವುದು ಒಂದು, ಉತ್ತರ ಹೋಗುವುದು ಇನ್ನೊಂದಕ್ಕೆ. ಸುಮ್ನೆ ಗೊಂದಲ.

ಅದಕ್ಕಿಂತ ಉಪಕಾರ ಆದದ್ದು ಸಹಿ. ಜಿಮೇಲ್‌ನಲ್ಲಿ ಒಂದೊಂದು ಐಡಿಗೆ ಒಂದೊಂದು ಸಹಿ ಇಡಬಹುದು. ಅಂಗಡಿಯದ್ದಕ್ಕೆ ಅಂಗಡಿಯ ಹೆಸರು, ಫೋನ್ ನಂಬರ್. ಸ್ವಂತದ್ದಕ್ಕೆ ಬರೀ ಹೆಸರು. ಫ್ರಮ್ ಸಾಲು ಕಣ್ಣಿಗೆ ಬೀಳದಿದ್ದರೂ ಬರೆಯುವ ಜಾಗದ ಕೆಳಗೆ ಅಂಗಡಿಯ ನಂಬರ್ ಕಂಡರೆ ಯಾವ ಐಡಿ ಎಂದು ಗೊತ್ತಾಗುತ್ತದೆ.

ಹಳೆಯ ಗಿರಾಕಿಗಳ ಫೋನ್ ಮಾತ್ರ ನಮ್ಮ ಕೈಯಲ್ಲಿಲ್ಲ. ಅವರು ಸ್ವಂತ ಐಡಿಗೆ ಬರೆದರೆ ನಾನು ಫ್ರಮ್ ಬದಲಿಸಿ ಅಂಗಡಿಯದ್ದರಿಂದ ಉತ್ತರಿಸುತ್ತೇನೆ. ಮೊದಲ ಸಾಲಿನಲ್ಲೇ "ಇನ್ನು ಮುಂದೆ ಈ ಐಡಿಗೇ ಕಳಿಸಿ, ಹಳೆಯದನ್ನು ಅಳಿಸಿಬಿಡಿ" ಎಂದು ಹಾಕುತ್ತೇನೆ. ಕೆಲವರು ಅಳಿಸುತ್ತಾರೆ. ಕೆಲವರು ಎರಡಕ್ಕೂ ಕಳಿಸುತ್ತಾರೆ.