ದೋಣಿಗೆ ಹೊಸ ವೈರಿಂಗ್: ಯಾವ ವೈರ್, ಎಷ್ಟು ದಪ್ಪ?

ಹಳೇ ದೋಣಿಯ ಬಿಲ್ಜ್ ಪಂಪಿನ (ದೋಣಿಯ ತಳದಲ್ಲಿ, ಅಂದರೆ ಬಿಲ್ಜಿನಲ್ಲಿ, ಸೇರುವ ನೀರನ್ನು ಹೊರಹಾಕುವ ಪಂಪ್) ವೈರನ್ನು ಕತ್ತರಿಸಿ, ಮೇಲಿನ ಪ್ಲಾಸ್ಟಿಕ್ಕನ್ನು ಎರಡು ಇಂಚು ಸುಲಿದು ನೋಡಿ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ವೈರಿನೊಳಗೆ ತಾಮ್ರ ಕಪ್ಪಗಾಗಿರುತ್ತದೆ. ಅಲ್ಲಲ್ಲಿ ಹಸಿರು ಪುಡಿ. ಸ್ವಲ್ಪ ಬಗ್ಗಿಸಿದರೆ ಎಳೆಗಳು ಪಟಪಟ ಮುರಿಯುತ್ತವೆ. ತುದಿಯಲ್ಲಿ ಒಳಹೊಕ್ಕ ನೀರು ಎಳೆಗಳ ಸಂದಿನಲ್ಲಿ ಮುಂದಕ್ಕೆ ಏರುತ್ತಾ ಹೋಗುತ್ತದೆ. ಹಾಗಾಗಿ ತುದಿ ಕತ್ತರಿಸಿ ಹೊಸ ಟರ್ಮಿನಲ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಹಾಕಿದರೆ ಬಹಳ ಸಲ ಸಾಕಾಗುವುದಿಲ್ಲ, ಇಡೀ ವೈರನ್ನೇ ಬದಲಿಸಬೇಕು.

ಇಲ್ಲಿ ಹೇಳುತ್ತಿರುವುದು 12 ವೋಲ್ಟ್ ಬ್ಯಾಟರಿಯ ಸಣ್ಣ ದೋಣಿಗೆ ಮಾತ್ರ. ದಡದಿಂದ ಕರೆಂಟ್ ಎಳೆದುಕೊಳ್ಳುವ ವ್ಯವಸ್ಥೆ ಇದ್ದರೆ ಆ ಭಾಗವನ್ನು ಬಲ್ಲ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಮೊದಲು: ವೈರಿನ ಜಾತಿ

ಒಂದೇ ಗಟ್ಟಿ ಕಂಬಿಯ ವೈರ್ ದೋಣಿಗೆ ಬೇಡವೇ ಬೇಡ. ಎಂಜಿನ್ನಿನ ಅದುರಾಟಕ್ಕೆ ಅದು ತುಂಡಾಗುತ್ತದೆ. ಸಣ್ಣ ಎಳೆಗಳು ಜಾಸ್ತಿ ಇದ್ದಷ್ಟೂ ಒಳ್ಳೆಯದು. 14 ಗೇಜಿನ (ಗೇಜ್ ಅಂದರೆ ದಪ್ಪದ ನಂಬರ್, ನಂಬರ್ ಹೆಚ್ಚಿದಷ್ಟೂ ವೈರ್ ತೆಳು) ಒಳ್ಳೆಯ ಬೋಟ್ ಕೇಬಲ್‌ನಲ್ಲಿ 41 ಎಳೆಗಳಿರುತ್ತವೆ. ಪ್ರತಿ ಎಳೆಗೂ ತವರದ ಲೇಪ ಇರಬೇಕು. ಉಪ್ಪುನೀರಿನಲ್ಲಿ ತಾಮ್ರ ಬೇಗ ಕಪ್ಪಾಗದಂತೆ ತಡೆಯುವುದು ಈ ಲೇಪವೇ.

ಪರೀಕ್ಷೆ ಸುಲಭ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಮೇಲೆ ಬೆಳ್ಳಗಿದ್ದು ಒಳಗೆ ಕೆಂಪು ಕಂಡರೆ ಅದು ತವರದ ಲೇಪದ ತಾಮ್ರ. ಒಳಗೂ ಹೊರಗೂ ಕೆಂಪಾಗಿದ್ದರೆ ಬರೀ ತಾಮ್ರ. ಮೇಲೆ ಕೆಂಪು, ಒಳಗೆ ಬಿಳಿ ಇದ್ದರೆ ತಾಮ್ರದ ಹೊದಿಕೆಯ ಅಲ್ಯೂಮಿನಿಯಂ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದನ್ನು ಮುಟ್ಟಬೇಡಿ.

ವೈರಿನ ಮೈಮೇಲಿನ ಅಕ್ಷರಗಳನ್ನೂ ಓದಿ. 'ಬೋಟ್ ಕೇಬಲ್', 'ಯುಎಲ್ 1426', 'ಬಿ.ಸಿ. 5 ಡಬ್ಲ್ಯೂ 2' ಎಂದಿದ್ದರೆ ಅದು ಒಣ ಜಾಗದಲ್ಲಿ 105 ಡಿಗ್ರಿ, ಒದ್ದೆ ಜಾಗದಲ್ಲಿ 75 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. ಕಾರಿನ ವೈರ್ ಹಾಕಬಹುದಲ್ವಾ ಎಂದು ಕೇಳುವವರಿದ್ದಾರೆ. ಅದಕ್ಕೆ ಸಾಮಾನ್ಯವಾಗಿ ತವರದ ಲೇಪ ಇರುವುದಿಲ್ಲ. ಜೊತೆಗೆ ಕಾರಿನ ಗೇಜ್ ಲೆಕ್ಕವೇ ಬೇರೆ. ಅದೇ ನಂಬರಿನ ಬೋಟ್ ಕೇಬಲ್‌ಗಿಂತ ಅದರಲ್ಲಿ ತಾಮ್ರ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಗೇಜ್ ಗೊಂದಲವೇ ಬೇಡ ಎಂದರೆ ಸ್ಕ್ವೇರ್ ಎಂಎಂ, ಅಂದರೆ ತಾಮ್ರದ ಅಡ್ಡಕೊಯ್ತದ ಅಳತೆ, ನೋಡಿ ಕೊಳ್ಳಿ.

ಆಮೇಲೆ: ದಪ್ಪದ ಲೆಕ್ಕ

ಎಡವುವುದು ಹೆಚ್ಚಾಗಿ ಇಲ್ಲೇ. ಮನೆಯಲ್ಲಿ 'ಈ ವೈರ್ ಎಷ್ಟು ಆಂಪ್ ತಡೆಯುತ್ತದೆ' ಎಂದು ನೋಡಿ ಕೊಂಡರೆ ಸಾಮಾನ್ಯವಾಗಿ ನಡೆಯುತ್ತದೆ. 12 ವೋಲ್ಟಿನ ದೋಣಿಯಲ್ಲಿ ವೈರ್ ಬಿಸಿಯಾಗುವ ಎಷ್ಟೋ ಮೊದಲೇ ದಾರಿಯಲ್ಲಿ ವೋಲ್ಟೇಜ್ ಸೋರಿಹೋಗಿರುತ್ತದೆ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಕಳೆದರೆ ಗೊತ್ತೇ ಆಗುವುದಿಲ್ಲ. ಇಲ್ಲಿ ಒಂದು ವೋಲ್ಟ್ ಅಂದರೆ ಹನ್ನೆರಡರಲ್ಲೊಂದು ಪಾಲು. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಹಳೇ ತಂತಿ ಬಲ್ಬಿನ ಬೆಳಕು ಮೂರರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ.

ದೋಣಿಯ ಚಿತ್ರ ಬರೆದುಕೊಂಡು ಪ್ರತಿಯೊಂದು ಉಪಕರಣದ ಆಂಪ್ ಗುರುತು ಮಾಡಿ. ವ್ಯಾಟ್ ಮಾತ್ರ ಬರೆದಿದ್ದರೆ 12ರಿಂದ ಭಾಗಿಸಿ. ನಂತರ ವೈರ್ ಹೋಗುವ ದಾರಿಯುದ್ದಕ್ಕೂ ಹಗ್ಗ ಹಾಯಿಸಿ ಅಳೆಯಿರಿ. ಮೂಲೆ, ಮಡಿಕೆ ಎಲ್ಲ ಸೇರಬೇಕು. ಬ್ಯಾಟರಿಯಿಂದ ಪಂಪಿಗೆ 6 ಮೀಟರ್ ಇದ್ದರೆ ಲೆಕ್ಕಕ್ಕೆ 12 ಮೀಟರ್, ಯಾಕೆಂದರೆ ಕರೆಂಟ್ ಹೋಗಿ ವಾಪಸ್ ಬರಬೇಕು.

ಎಷ್ಟು ವೋಲ್ಟ್ ಕಳೆಯಬಹುದು? ದಿಕ್ಕು ತೋರುವ ದೀಪ, ರೇಡಿಯೊ, ಜಿಪಿಎಸ್, ಪ್ಯಾನೆಲ್‌ಗೆ ಹೋಗುವ ಮುಖ್ಯ ವೈರ್, ಇವಕ್ಕೆ ನೂರಕ್ಕೆ 3ರ ಮಿತಿ, ಅಂದರೆ 0.36 ವೋಲ್ಟ್. ಕ್ಯಾಬಿನ್ ದೀಪದಂಥವಕ್ಕೆ ನೂರಕ್ಕೆ 10, ಅಂದರೆ 1.2 ವೋಲ್ಟ್. ಬಿಲ್ಜ್ ಪಂಪನ್ನು 10ರ ಪಟ್ಟಿಗೆ ಸೇರಿಸುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ದೋಣಿಗೆ ನೀರು ನುಗ್ಗುವಾಗ ಬ್ಯಾಟರಿ ಅರ್ಧ ಖಾಲಿಯಾಗಿದ್ದರೂ ಪಂಪ್ ಪೂರ್ತಿ ಜೋರಿನಲ್ಲಿ ಓಡಬೇಕು. ಅದಕ್ಕೂ 3ರ ಲೆಕ್ಕವನ್ನೇ ಹಿಡಿಯಿರಿ.

ಸೂತ್ರ ಹೀಗೆ: ಹೋಗಿಬರುವ ಉದ್ದವನ್ನು ಆಂಪ್‌ನಿಂದ ಗುಣಿಸಿ, ಅದನ್ನು 0.0175ರಿಂದ (ತಾಮ್ರ ಕರೆಂಟಿಗೆ ಒಡ್ಡುವ ತಡೆಯ ಅಂಕಿ) ಗುಣಿಸಿ, ಕಳೆಯಬಹುದಾದ ವೋಲ್ಟಿನಿಂದ ಭಾಗಿಸಿ. 5 ಆಂಪಿನ ನಮ್ಮ ಪಂಪಿಗೆ 12 × 5 × 0.0175 = 1.05. ಇದನ್ನು 0.36ರಿಂದ ಭಾಗಿಸಿದರೆ 2.9 ಸ್ಕ್ವೇರ್ ಎಂಎಂ. 2.5ಕ್ಕೆ ಇಳಿಸಬೇಡಿ, ಮೇಲಿನ ಅಳತೆಯಾದ 4ನ್ನೇ ತೆಗೆದುಕೊಳ್ಳಿ. ಇದೇ ಪಂಪಿಗೆ ನೂರಕ್ಕೆ 10 ಬಿಟ್ಟುಕೊಟ್ಟಿದ್ದರೆ 0.9 ಬರುತ್ತಿತ್ತು. ಎಷ್ಟು ವ್ಯತ್ಯಾಸ ನೋಡಿ.

ಎಲ್‌ಇಡಿ ದೀಪಗಳಿಗೆ ಈ ಲೆಕ್ಕದಲ್ಲಿ ಕೂದಲಿನಷ್ಟು ಸಣ್ಣ ವೈರ್ ಸಾಕು ಎಂದು ಬರುತ್ತದೆ. ಆದರೂ 16 ಗೇಜ್, ಅಂದರೆ 1.3 ಸ್ಕ್ವೇರ್ ಎಂಎಂಗಿಂತ ಕೆಳಗೆ ಹೋಗಬೇಡಿ. ಎಳೆದಾಟ ತಾಳಬೇಕಲ್ಲ. ಎಂಜಿನ್ ಕೋಣೆಯಲ್ಲಿ ಹಾಯುವ ವೈರಿಗೆ ಇನ್ನೊಂದು ಲೆಕ್ಕವಿದೆ. ಅಲ್ಲಿನ ಬಿಸಿಗೆ 105 ಡಿಗ್ರಿ ವೈರ್ ಕೂಡ ತನ್ನ ಆಂಪ್ ಶಕ್ತಿಯಲ್ಲಿ ನೂರಕ್ಕೆ 15 ಕಳೆದುಕೊಳ್ಳುತ್ತದೆ.

ಫ್ಯೂಸ್, ಬಣ್ಣ, ಜೋಡಣೆ

ಫ್ಯೂಸ್ ಇರುವುದು ವೈರನ್ನು ಕಾಪಾಡಲು. ಅದರ ನಂಬರ್ ವೈರಿನ ಆಂಪ್ ಶಕ್ತಿಯನ್ನು ಮೀರಬಾರದು. ಪಂಪಿನ ಮೇಲೆ ಬೇರೆ ಫ್ಯೂಸ್ ಬರೆದಿದ್ದರೆ ಎರಡರಲ್ಲಿ ಚಿಕ್ಕದನ್ನು ಹಾಕಿ. ಬ್ಯಾಟರಿಯಿಂದ 7 ಇಂಚಿನೊಳಗೆ ಅದು ಇರಬೇಕು. ಸ್ಟಾರ್ಟರ್ ಮೋಟಾರಿನ ದಪ್ಪ ಕೇಬಲ್‌ಗೆ ಮಾತ್ರ ಇದರಿಂದ ವಿನಾಯಿತಿ. ಫ್ಲೋಟ್ ಸ್ವಿಚ್ (ನೀರು ಏರಿದರೆ ತಾನೇ ಆನ್ ಆಗುವ ಸ್ವಿಚ್) ಇರುವ ಪಂಪಿನ ವೈರನ್ನು ಮೇನ್ ಸ್ವಿಚ್ಚಿಗೆ ಮೊದಲೇ ತೆಗೆಯುತ್ತಾರೆ, ದೋಣಿಯಲ್ಲಿ ಯಾರೂ ಇಲ್ಲದಾಗಲೂ ಓಡಲಿ ಎಂದು. ಫ್ಯೂಸ್ ಮರೆಯುವುದು ಹೆಚ್ಚಾಗಿ ಆ ವೈರಿಗೇ.

ಪಾಸಿಟಿವ್‌ಗೆ ಕೆಂಪು. ನೆಗೆಟಿವ್‌ಗೆ ಕಪ್ಪೂ ಆಗುತ್ತದೆ, ಆದರೆ ಹಳದಿ ಮೇಲು. ಕೆಲವು ದೋಣಿಗಳ ಎಸಿ ಲೈನಿನಲ್ಲಿ ಕಪ್ಪು ಎಂದರೆ ಕರೆಂಟ್ ಇರುವ ವೈರ್. ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಿ.

ಟರ್ಮಿನಲ್ಲುಗಳನ್ನು ರ‍್ಯಾಚೆಟ್ ಕ್ರಿಂಪರಿನಲ್ಲಿ (ಪೂರ್ತಿ ಒತ್ತುವವರೆಗೆ ಬಿಡದ ಇಕ್ಕಳ) ಒತ್ತಿ. ಅದರ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ, ಅಂದರೆ ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಹಾಕಿ. ಬರೀ ಬೆಸುಗೆಯನ್ನು ನಂಬಬೇಡಿ, ಬೆಸುಗೆ ಹರಿದು ಗಟ್ಟಿಯಾದ ಕಡೆಯೇ ಎಳೆಗಳು ಮುರಿಯುವುದು. ತಿರುಚಿ ಟೇಪ್ ಸುತ್ತುವ ವಿಚಾರ ಮಾತಾಡುವುದೇ ಬೇಡ. ಸುಮಾರು 45 ಸೆಂ.ಮೀ.ಗೊಂದು ಕ್ಲಿಪ್ ಕೊಟ್ಟು, ವೈರನ್ನು ಬಿಲ್ಜಿನ ನೀರಿಗಿಂತ ಆದಷ್ಟು ಮೇಲೆ ಸಾಗಿಸಿ.

ಎಲ್ಲ ಮುಗಿದ ಮೇಲೆ ಬಿಲ್ಜಿಗೆ ನೀರು ಸುರಿದು ಪಂಪ್ ಓಡಿಸಿ. ಅದು ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ಬ್ಯಾಟರಿಯ ಮೇಲೊಮ್ಮೆ, ಪಂಪಿನ ವೈರ್ ಜೋಡಣೆಯ ಹತ್ತಿರ ಇನ್ನೊಮ್ಮೆ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ 0.36ರ ಒಳಗಿರಬೇಕು. ಜಾಸ್ತಿ ಬಂದರೆ ಪ್ರತಿ ಜೋಡಣೆಯ ಆಚೆ ಒಂದು ಕಡ್ಡಿ, ಈಚೆ ಒಂದು ಕಡ್ಡಿ ಇಟ್ಟು ನೋಡುತ್ತಾ ಹೋಗಿ. ಸೊನ್ನೆಯ ಹತ್ತಿರ ನಿಲ್ಲದ ಜೋಡಣೆಯನ್ನು ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ.