ಗುಲ್ಮಾರ್ಗ್ ಗೊಂಡೊಲಾಕ್ಕೆ ಎಷ್ಟು ಎಚ್‌ಪಿ ಮೋಟಾರ್ ಬೇಕು?

ಕಾಶ್ಮೀರಕ್ಕೆ ಹೋಗಿಬಂದವರ ಮೊಬೈಲಿನಲ್ಲಿ ಗುಲ್ಮಾರ್ಗ್ ಗೊಂಡೊಲಾದ (ಉಕ್ಕಿನ ಹಗ್ಗಕ್ಕೆ ತೂಗಿಕೊಂಡು ಬೆಟ್ಟ ಏರುವ ಕೇಬಲ್ ಕಾರಿನ) ಒಂದು ಫೋಟೊ ಇದ್ದೇ ಇರುತ್ತದೆ. ಅದನ್ನು ಎಳೆಯುವ ಮೋಟಾರ್ ಎಷ್ಟು ದೊಡ್ಡದು ಎಂದು ಕೇಳಿದರೆ, ‘ಸಾವಿರಾರು ಎಚ್‌ಪಿ ಇರಬೇಕಪ್ಪ’ ಎನ್ನುವವರೇ ಹೆಚ್ಚು. ಅಷ್ಟೇನೂ ಬೇಡ. ಪಿಯುಸಿಯಲ್ಲಿ ಓದಿದ ಭೌತವಿಜ್ಞಾನ ಸ್ವಲ್ಪ ನೆನಪಿದ್ದರೆ ಕುಳಿತಲ್ಲೇ ಅಂದಾಜು ಮಾಡಬಹುದು.

ಶುರುವಿನಲ್ಲೇ ಒಂದಿಷ್ಟು ತೂಕವನ್ನು ಲೆಕ್ಕದಿಂದ ಕಿತ್ತುಹಾಕಿ. ರಾಟೆಯ ಹಗ್ಗದ ಎರಡೂ ತುದಿಗೆ ಕೊಡ ಕಟ್ಟಿದ ಬಾವಿ ನೋಡಿದ್ದೀರಾ? ಒಂದು ಕೊಡ ಮೇಲೆ ಬರುವಾಗ ಇನ್ನೊಂದು ಕೆಳಗಿಳಿಯುತ್ತದೆ. ಕೊಡಕ್ಕೆ ಕೊಡ ವಜಾ, ನಮ್ಮ ತೋಳು ಎತ್ತುವುದು ನೀರನ್ನು ಮಾತ್ರ. ಗೊಂಡೊಲಾದ ಉಕ್ಕಿನ ಹಗ್ಗವೂ ಹೀಗೇ ಸುತ್ತುವ ಬಳೆ. ಕ್ಯಾಬಿನ್ನುಗಳು ಒಂದು ಬದಿಯಲ್ಲಿ ಎಷ್ಟು ಏರುತ್ತವೋ ಇನ್ನೊಂದು ಬದಿಯಲ್ಲಿ ಅಷ್ಟೇ ಇಳಿಯುತ್ತವೆ. (1936ರಲ್ಲಿ ಅಮೆರಿಕದ ಸನ್ ವ್ಯಾಲಿಯಲ್ಲಿ ಜಗತ್ತಿನ ಮೊದಲ ಸ್ಕೀ ಚೇರ್‌ಲಿಫ್ಟ್ ರೂಪಿಸಿದ ಎಂಜಿನಿಯರ್ ಜೇಮ್ಸ್ ಕುರನ್ ಅವರಿಗೆ ಅದು ಹೊಳೆದದ್ದು ಹಡಗಿಗೆ ಬಾಳೆಗೊನೆ ತುಂಬುವ ಕೊಕ್ಕೆಗಳ ಸಾಲಿನಿಂದ. ಗೊನೆ ಇದ್ದಲ್ಲಿ ಮನುಷ್ಯರು ಬಂದರು!)

ಹಂತ 1: ಜನರನ್ನು ಎತ್ತುವ ಶಕ್ತಿ

1998ರಲ್ಲಿ ಶುರುವಾದ ಮೊದಲ ಹಂತದ ಗೊಂಡೊಲಾ ಗುಲ್ಮಾರ್ಗ್‌ನಿಂದ ಕೊಂಗ್‌ಡೋರಿಗೆ ಸುಮಾರು 400 ಮೀಟರ್ ಏರುತ್ತದೆ. ಗಂಟೆಗೆ 600 ಜನ. ಬೂಟು, ಸ್ಕೀ ಸೇರಿಸಿ ತಲೆಗೆ 90 ಕಿಲೊ ಹಿಡಿಯೋಣ. ಸೂತ್ರ ಇಷ್ಟೇ: ರಾಶಿ × 9.8 × ಎತ್ತರ, ಭಾಗಿಸು ಕಾಲ.

600 × 90 × 9.8 × 400 ÷ 3600 = 58,800 ವ್ಯಾಟ್.

ಅಂದರೆ ಸುಮಾರು 59 ಕಿಲೊವ್ಯಾಟ್. 746 ವ್ಯಾಟಿಗೆ ಒಂದು ಎಚ್‌ಪಿಯಂತೆ 79 ಎಚ್‌ಪಿ. ನಮ್ಮ ತೋಟಗಳ 5 ಎಚ್‌ಪಿ ಪಂಪ್‌ಸೆಟ್ ಹದಿನಾರು ಸೇರಿಸಿದಷ್ಟು! ದಾರಿಯ ಉದ್ದವಾಗಲಿ, ಇಳಿಜಾರಿನ ಕೋನವಾಗಲಿ ಇಲ್ಲಿಯವರೆಗೆ ಬೇಕಾಗಲೇ ಇಲ್ಲ ಎಂಬುದನ್ನು ಗಮನಿಸಿ. ಅನೇಕರು ಎಡವುವುದು ಇಲ್ಲೇ, ಸೈನ್ ಕೊಸೈನ್ ಹಿಡಿದುಕೊಂಡು.

ಹಂತ 2: ಘರ್ಷಣೆ

ಕ್ಯಾಬಿನ್ ಕಂಬ ದಾಟುವಾಗ ತಲೆಯ ಮೇಲೆ ಗಡಗಡ ಸದ್ದಾಗಿ ಮೈ ಅಲುಗುತ್ತದಲ್ಲ, ಅದು ಹಗ್ಗವನ್ನು ಹೊತ್ತ ರಾಟೆಗಳ ಸಾಲು. ಶಕ್ತಿ ಸೋರುವುದು ಅಲ್ಲಿ. ಶುರುವಿನಲ್ಲಿ ಕಿತ್ತುಹಾಕಿದ ತೂಕವೆಲ್ಲ ಇಲ್ಲಿ ವಾಪಸು ಬರುತ್ತದೆ. ಏರುವ ಬದಿಯಿರಲಿ ಇಳಿಯುವ ಬದಿಯಿರಲಿ, ರಾಟೆಯನ್ನು ಒತ್ತದೆ ಬಿಡುವುದಿಲ್ಲ.

ಒಂದು ಬದಿಯ ಹಗ್ಗ 2.5 ಕಿ.ಮೀ., ಮೀಟರಿಗೆ 6 ಕಿಲೊ, ವೇಗ ಸೆಕೆಂಡಿಗೆ 5 ಮೀಟರ್, ಖಾಲಿ ಕ್ಯಾಬಿನ್ 500 ಕಿಲೊ ಎಂದಿಟ್ಟುಕೊಳ್ಳೋಣ. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು. ಕ್ಯಾಬಿನ್ನಿಗೆ 6 ಜನರಂತೆ ಗಂಟೆಗೆ 100 ಕ್ಯಾಬಿನ್, ಅಂದರೆ 36 ಸೆಕೆಂಡಿಗೊಂದು. ಹಾಗಾಗಿ ಎರಡು ಕ್ಯಾಬಿನ್ನುಗಳ ನಡುವೆ 180 ಮೀಟರ್, ಬದಿಗೆ 14 ಕ್ಯಾಬಿನ್. ಹಗ್ಗ 30 ಟನ್, ಕ್ಯಾಬಿನ್ನುಗಳು 14, ಜನ 7.5. ಒಟ್ಟು ಹತ್ತಿರ ಹತ್ತಿರ 52 ಟನ್. ಇದರ ತೂಕದ ಶೇ 3ರಷ್ಟು ಘರ್ಷಣೆ ಎಂದರೆ 15,300 ನ್ಯೂಟನ್. ವೇಗದಿಂದ ಗುಣಿಸಿದರೆ 76 ಕಿಲೊವ್ಯಾಟ್.

ಜನರನ್ನು ಎತ್ತುವುದಕ್ಕಿಂತ ಹಗ್ಗ ಓಡಿಸುವುದೇ ದುಬಾರಿಯಾಯಿತು! ಇನ್ನೊಂದು ಮೋಜೂ ಇದೆ. ಸ್ಕೀ ಮಾಡುವವರು ಲಿಫ್ಟಿನಲ್ಲಿ ಹತ್ತಿ, ಹಿಮದ ಮೇಲೆ ಜಾರಿಕೊಂಡು ಇಳಿಯುತ್ತಾರೆ. ನಮ್ಮಂಥ ಪ್ರವಾಸಿಗರು ಕ್ಯಾಬಿನ್ನಿನಲ್ಲೇ ಇಳಿಯುತ್ತೇವೆ, ಇಳಿಯುತ್ತ ಏರುವವರನ್ನು ಎಳೆದುಕೊಡುತ್ತೇವೆ. ಸಂಜೆ ಹೊತ್ತು, ಮೇಲೆ ಹೋಗುವವರೇ ಇಲ್ಲದೆ ಇಳಿಯುವ ಕ್ಯಾಬಿನ್ನೆಲ್ಲ ತುಂಬಿದ್ದರೆ ಮೋಟಾರಿನ ಪಾಲಿಗೆ ಉಳಿಯುವುದು 76 − 59, ಬರೀ 17 ಕಿಲೊವ್ಯಾಟ್. ಭಾರವೆಲ್ಲ ಬೆಳಗಿನದು.

ಹಂತ 3: ಹೊರಡುವ ಗಳಿಗೆ

ನಡುವೆ ನಿಂತ ಲಿಫ್ಟನ್ನು ತುಂಬಿದ ಕ್ಯಾಬಿನ್ನುಗಳ ಸಮೇತ ಮತ್ತೆ ಹೊರಡಿಸಬೇಕು. 20 ಸೆಕೆಂಡಿನಲ್ಲಿ ಪೂರ್ತಿ ವೇಗಕ್ಕೆ ಬರಬೇಕೆಂದರೆ ವೇಗೋತ್ಕರ್ಷ 0.25, ಬಲ 13,000 ನ್ಯೂಟನ್. ಆ ಇಪ್ಪತ್ತು ಸೆಕೆಂಡಿನ ಕೊನೆಯಲ್ಲಿ ಇದಕ್ಕೆಂದೇ 65 ಕಿಲೊವ್ಯಾಟ್ ಬೇಕು.

ಕೂಡಿಸಿ: 59 + 76 + 65 = 200. ಮೋಟಾರ್, ಗೇರ್‌ಬಾಕ್ಸ್ ಸೇರಿ ದಕ್ಷತೆ ಶೇ 85 ಎಂದರೆ 0.85ರಿಂದ ಭಾಗಿಸಿ. ಹೊರಡುವಾಗ ಎಳೆಯುವ ಕರೆಂಟು 235 ಕಿಲೊವ್ಯಾಟ್, ಅಂದರೆ 315 ಎಚ್‌ಪಿಯಷ್ಟು. ಓಟಕ್ಕೆ ಬಿದ್ದ ಮೇಲೆ 160 ಕಿಲೊವ್ಯಾಟ್ ಸಾಕು. ಅಂಗಡಿಯಲ್ಲಿ ಮೋಟಾರ್ ಕೇಳುವಾಗ ಮಾತ್ರ 200 ಕಿಲೊವ್ಯಾಟ್ ಎನ್ನಬೇಕು. ಮೋಟಾರಿನ ಫಲಕದಲ್ಲಿ ಬರೆದಿರುವುದು ಅದು ಹೊರಗೆ ಕೊಡುವ ಶಕ್ತಿಯೇ ಹೊರತು ಒಳಗೆ ಎಳೆಯುವುದಲ್ಲ, ಗೇರ್‌ಬಾಕ್ಸಿನ ನಷ್ಟವನ್ನಷ್ಟೇ ಅದಕ್ಕೆ ಸೇರಿಸಿದರಾಯಿತು.

ಇಷ್ಟಾದರೂ 200ರದ್ದನ್ನೇ ತಂದು ಕೂರಿಸುವಂತಿಲ್ಲ. ಸಾಮಾನ್ಯ ಮೋಟಾರಿನ ಫಲಕದ ಅಂಕಿ 1,000 ಮೀಟರ್ ಎತ್ತರದವರೆಗೆ ಮಾತ್ರ ಲಾಗೂ. ಅದರಾಚೆ ಗಾಳಿ ತೆಳುವಾಗಿ ಮೋಟಾರ್ ಸರಿಯಾಗಿ ತಣಿಯುವುದಿಲ್ಲ. ಗುಲ್ಮಾರ್ಗ್ ಇರುವುದು 2,600 ಮೀಟರಿನ ಮೇಲೆ. ಕರೆಂಟು ಹೋದಾಗ ಕೈಹಿಡಿಯುವ ಡೀಸೆಲ್ ಎಂಜಿನ್ನಿಗೂ ಅದೇ ಪಾಡು. ಉಸಿರಾಡಲು ಆಮ್ಲಜನಕ ಸಾಲದೆ ಅದರ ಕಸುವು ಕುಗ್ಗಿರುತ್ತದೆ. ಹಾಗಾಗಿ ಎರಡನ್ನೂ ಒಂದು ಅಳತೆ ದೊಡ್ಡದೇ ಕೊಳ್ಳಬೇಕು.