ಡಿಎಲ್ ಅವಧಿ ಮುಗಿದಿದ್ದ ಯಜಮಾನರಿಗೆ ಮನೆಯಲ್ಲೇ ಗುರುತಿನ ಚೀಟಿ ಮಾಡಿಸಿದ್ದು: ನನ್ನ ಅನುಭವ

ನಮ್ಮ ಯಜಮಾನರು ಲಕ್ವ ಹೊಡೆದು ಹಾಸಿಗೆ ಹಿಡಿದವರು, ಅವರ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಅವಧಿಯೂ ಮುಗಿದಿತ್ತು. ಬೇರೆ ಗುರುತಿನ ಚೀಟಿಗೆ ಓಡಾಡಿದರೆ, ಮೊದಲು ಆಧಾರ್ ಸರಿ ಮಾಡಿಸಿ, ಅದಾಗದೆ ಬೇರೇನೂ ಆಗಲ್ಲ ಅಂದರು. ಆಧಾರ್ ಸರಿ ಆಗಬೇಕಾದರೆ ಯಜಮಾನರನ್ನು ಆಂಬ್ಯುಲೆನ್ಸಿನಲ್ಲಿ ಮಲಗಿಸಿಕೊಂಡು ಸೆಂಟರಿಗೆ ಹೋಗಬೇಕು ಅಂದರು. ನಮ್ಮ ಭಾವ ಹೇಳಿದರು, ಸೈಬರ್ ಸೆಂಟರಿನ ಹುಡುಗ ಹೇಳಿದ, ಬ್ಯಾಂಕಿನ ಕೌಂಟರಿನಲ್ಲೂ ಹೇಳಿದರು. ಎರಡೂ ಸುಳ್ಳಾಯಿತು. ಇವರು ಹಾಸಿಗೆ ಬಿಟ್ಟು ಕದಲಲಿಲ್ಲ, ಕಾರ್ಡುಗಳೇ ಮನೆಗೆ ಬಂದವು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ಬಿಟ್ಟು ಕಚೇರಿ ಕಚೇರಿ ಅಲೆಯುವವರಿಗೆ ಇದು ಉಪಯೋಗಕ್ಕೆ ಬರಬಹುದು. ಫಾರಂ ತುಂಬುವುದು, ಫೋಟೊ ಅಪ್ಲೋಡ್ ಮಾಡುವುದು ನಿಮಗೆಲ್ಲ ಗೊತ್ತೇ ಇರುತ್ತದೆ, ಅದನ್ನು ಹೇಳಲು ಹೋಗಲ್ಲ.

ನಮ್ಮನೆಯವರು ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದವರು. ಶಿವಮೊಗ್ಗದಿಂದ ತರೀಕೆರೆ, ಕಡೂರು, ಅರಸೀಕೆರೆ ಮೇಲೆ ಬೆಂಗಳೂರಿಗೆ ವರ್ಷಗಟ್ಟಲೆ ಬಸ್ ಓಡಿಸಿದ್ದಾರೆ. ಎಲ್ಲಿ ಗುರುತಿನ ಚೀಟಿ ಕೇಳಿದರೂ ಅಂಗಿ ಜೇಬಿನಿಂದ ಡಿಎಲ್ ತೆಗೆದು ಕೊಡುವುದು ಅಭ್ಯಾಸ. ಬೇರೆ ಕಾರ್ಡುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ರಿಟೈರ್ ಆದ ಮೇಲೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಆ ಗಲಾಟೆಯಲ್ಲಿ ಡಿಎಲ್ ಅವಧಿ ಮುಗಿದದ್ದನ್ನು ಯಾರು ನೋಡುತ್ತಾರೆ? ನಾನು ನೋಡುವ ಹೊತ್ತಿಗೆ ಮುಗಿದು ಒಂದು ವರ್ಷದ ಮೇಲಾಗಿತ್ತು. ವರ್ಷ ದಾಟಿದರೆ ಬರೀ ರಿನ್ಯೂವಲ್ ಇಲ್ಲ, ಗಾಡಿ ಓಡಿಸಿ ಟೆಸ್ಟ್ ಕೊಡಬೇಕು. ಡಾಕ್ಟರ ಹತ್ತಿರ ಫಾರಂ 1ಎ, ಅಂದರೆ ಆರೋಗ್ಯದ ಸರ್ಟಿಫಿಕೇಟ್ ಬೇರೆ. ಒಬ್ಬ ಏಜೆಂಟ್ ಸಿಕ್ಕಿದ್ದ. ಆರು ಸಾವಿರ ಕೊಡಿ ಅಮ್ಮಾ, ಅವರು ಬರುವುದೂ ಬೇಡ, ಲೈಸೆನ್ಸ್ ಮನೆಗೇ ಬರುತ್ತೆ ಅಂದ. ಚಮಚ ಹಿಡಿಯಲು ಆಗದವರಿಗೆ ಸ್ಟೇರಿಂಗ್ ಹಿಡಿಯುವ ಲೈಸೆನ್ಸ್! ಬೇಡಪ್ಪಾ ಅಂತ ಕಳಿಸಿದೆ.

ಇಷ್ಟರಲ್ಲಿ ಎರಡು ಕಡೆ ಕುತ್ತಿಗೆಗೆ ಬಂತು. ಬ್ಯಾಂಕಿನವರು ಕೆವೈಸಿ (ಗುರುತು, ವಿಳಾಸದ ದಾಖಲೆ) ಹಳೆಯದಾಗಿದೆ ಅಂತ ಖಾತೆ ನಿಲ್ಲಿಸಿದರು. ಪಾನ್ ಕಾರ್ಡ್ ಕೊಟ್ಟೆ, ಅದರಲ್ಲಿ ವಿಳಾಸ ಎಲ್ಲಿದೆ ಅಂದರು. ಅದೂ ನಿಜವೇ. ಆಮೇಲೆ ಜೀವನ ಪ್ರಮಾಣ ಪತ್ರ, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಅನ್ನುವ ಪತ್ರ, ಕೊಟ್ಟಿಲ್ಲ ಅಂತ ಪಿಎಫ್ ಪಿಂಚಣಿಯೂ ನಿಂತಿತು. ಇಪಿಎಸ್ (ಈ ಪಿಎಫ್ ಪಿಂಚಣಿ ಯೋಜನೆಯ ಹೆಸರು) ಪಿಂಚಣಿ ಎಂದರೆ ಎಷ್ಟು ಅಂತ ನಿಮಗೆ ಗೊತ್ತಲ್ಲ, ನಮ್ಮದು ಮೂರು ಸಾವಿರದ ಆಚೀಚೆ. ಆದರೆ ಇವರ ಮಾತ್ರೆಯ ಖರ್ಚು ಅದರಲ್ಲೇ ನಡೆಯುತ್ತಿತ್ತು. ನಾನು ಬ್ಲೌಸ್ ಹೊಲಿದು ಬರುವ ದುಡ್ಡು ಮನೆಗೇ ಸಾಲದು.

ಆಧಾರ್ ಇರಲಿಲ್ಲವೇ ಅಂದರೆ ಇತ್ತು. ತರೀಕೆರೆಯಲ್ಲಿದ್ದಾಗ, ಆಧಾರ್ ಹೊಸದಾಗಿ ಬಂದ ಕಾಲದಲ್ಲಿ ಮಾಡಿಸಿದ್ದು. ವಿಳಾಸ ಅಲ್ಲಿಯದು, ಫೋಟೊದಲ್ಲಿ ದಪ್ಪ ಮೀಸೆ, ಉಬ್ಬಿದ ಕೆನ್ನೆ. ಮೊಬೈಲ್ ನಂಬರ್ ಯಾವಾಗಲೋ ಕೈಬಿಟ್ಟ ಸಿಮ್ಮಿನದು. ಎಲ್ಲಕ್ಕೂ ಒಟಿಪಿ ಆ ನಂಬರಿಗೇ ಹೋಗುತ್ತದೆ. ಮಗ ಸುಮ್ನೆ ಆ ನಂಬರಿಗೆ ಫೋನ್ ಹಚ್ಚಿದ. ಉತ್ತರ ಕರ್ನಾಟಕದ ಕಡೆಯ ಯಾರೋ ಎತ್ತಿದರು. "ಹೌದ್ರೀ, ನಿಮ್ಮ ಆಧಾರ್ ಮೆಸೇಜ್ ನನಗ ಬರತಾವ, ಬೇಕಂದ್ರ ಹೇಳ್ತೀನಿ" ಅಂದರು ಪುಣ್ಯಾತ್ಮರು. ಒಳ್ಳೆಯವರೇ ಇರಬಹುದು, ಆದರೆ ಬ್ಯಾಂಕಿನ ವಿಷಯಕ್ಕೆ ಅಂಟಿಕೊಂಡ ಕಾರ್ಡಿಗೆ ಹೀಗೆ ಒಟಿಪಿ ಪಡೆಯುವುದು ಬೇಡ ಅಂತ ಮಗ ಫೋನಿಟ್ಟ.

ಸೈಬರ್ ಸೆಂಟರಿನ ಹುಡುಗ ಇನ್ನೊಂದು ದಾರಿ ಹೇಳಿದ. ಕುಟುಂಬದ ಮುಖ್ಯಸ್ಥರ ಆಧಾರ್ ಹಿಡಿದು ವಿಳಾಸ ಬದಲಿಸಬಹುದು, ನೀವೇ ಮುಖ್ಯಸ್ಥರಾಗಿ ಒಪ್ಪಿಗೆ ಕೊಡಿ ಅಂದ. 2023ರಿಂದ ಆನ್‌ಲೈನಿನಲ್ಲಿ ಇದೆ, ಒಳ್ಳೆಯ ಸೌಲಭ್ಯವೇ. ಆದರೆ ಒಳಗೆ ಹೋಗಲು ಇವರ ಒಟಿಪಿ ಬೇಕು! ಮತ್ತೆ ಅಲ್ಲಿಗೇ ಬಂತು. ಹುಡುಗ ತನ್ನ ಐವತ್ತು ರೂಪಾಯಿ ಮಾತ್ರ ಬಿಡಲಿಲ್ಲ.

ಪೋಸ್ಟ್‌ಮ್ಯಾನ್ ಮನೆಗೇ ಬಂದು ಆಧಾರ್ ಮೊಬೈಲ್ ನಂಬರ್ ಬದಲಿಸಿಕೊಡುತ್ತಾರೆ, ಅಂಚೆ ಪೇಮೆಂಟ್ಸ್ ಬ್ಯಾಂಕಿನ ಸೇವೆ, ಆಗ 50 ರೂಪಾಯಿ ಇತ್ತು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೆರಳು ಸರಿ ಇರುವವರು ಮೊದಲು ಇದನ್ನೇ ಮಾಡಿಸಿ. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಊಟದ ಹೊತ್ತಿನಲ್ಲಿ ಬಂದು, ಚಿಕ್ಕ ಯಂತ್ರ ಇಟ್ಟು ಇವರ ಎಡಗೈಯ ಒಂದೊಂದೇ ಬೆರಳು ಒತ್ತಿಸಿದರು. ಒಂದೂ ಹೊಂದಲಿಲ್ಲ. ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಬಲಗೈ ಮುಷ್ಟಿ ಬಿಚ್ಚಲೇ ಇಲ್ಲ. ಆಗದ ಕೆಲಸಕ್ಕೆ ದುಡ್ಡು ಬೇಡ ಅಂತ ಮಜ್ಜಿಗೆ ಕುಡಿದು ಹೋದರು.

ಜೀವನ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದರೂ ಸಾಕು ಅಂತ ಕೇಳಿದ್ದೆ. ಅದನ್ನೂ ನೋಡಿದ್ದಾಯಿತು. ಹಳೇ ಫೋಟೊಕ್ಕೂ ಈಗಿನ ಮುಖಕ್ಕೂ ಅದು ತಾಳೆ ಹಾಕಬೇಕಲ್ಲ, ಹಾಕಲಿಲ್ಲ. ಆಧಾರ್ ಕಾರ್ಡಿನಲ್ಲಿರುವ ಮನುಷ್ಯ ನನ್ನ ಗಂಡ ಅಂತ ನನಗೇ ಒಂದು ಕ್ಷಣ ಅನುಮಾನ ಬರುತ್ತದೆ, ಇನ್ನು ಫೋನಿಗೆ ಏನು ಹೇಳುವುದು.

ಹೀಗೆ ತಿಂಗಳುಗಳೇ ಹೋದ ಮೇಲೆ ನನಗೆ ಹೊಳೆದದ್ದು ಇಷ್ಟು. ಆಧಾರ್ ಬೆರಳು ಕೇಳುತ್ತದೆ, ಒಟಿಪಿ ಕೇಳುತ್ತದೆ. ಇವರ ಬೆರಳೂ ಆಧಾರ್ ಒಟಿಪಿಯೂ ಕೇಳದ ಕಾರ್ಡ್ ಆಗ ಯಾವುದಿತ್ತು? ಮತದಾರರ ಚೀಟಿ. ಅದನ್ನು ಮೊದಲು ಹಿಡಿಯಬೇಕು. ಭಾವ ನಕ್ಕರು. "ಈಗ ವೋಟರ್ ಕಾರ್ಡ್ ಯಾರು ಕೇಳುತ್ತಾರೆ, ಎಲ್ಲಾ ಆಧಾರ್ ಅಲ್ವಾ" ಅಂದರು. ಬ್ಯಾಂಕಿನವರು ಒಪ್ಪುವ ದಾಖಲೆಗಳ ಪಟ್ಟಿಯಲ್ಲಿ ಪಾಸ್‌ಪೋರ್ಟ್, ಡಿಎಲ್ ಜೊತೆಗೆ ವೋಟರ್ ಕಾರ್ಡ್ ಕೂಡ ಇದೆ. ಆಧಾರಿನಲ್ಲಿ ವಿಳಾಸ ಬದಲಿಸಲೂ ಅದು ನಡೆಯುತ್ತದೆ. ಇದು ನನಗೆ ಗೊತ್ತಿತ್ತು, ಭಾವನಿಗೆ ಗೊತ್ತಿರಲಿಲ್ಲ.

ಇವರ ಹಳೇ ವೋಟರ್ ಕಾರ್ಡ್ ತರೀಕೆರೆಯಲ್ಲೇ ಉಳಿದಿತ್ತು, ಕೈಯಲ್ಲಿ ಇರಲಿಲ್ಲ. ಹೆಸರು ಹುಡುಕಿ ನಂಬರ್ ತೆಗೆದೆವು. ಮತದಾರರ ವಿವರ ಬದಲಿಸುವ ಫಾರಂ 8ರಲ್ಲಿ ಮನೆ ಬದಲಾವಣೆ ಹಾಕಿದೆವು. ನಾವು ಹಾಕುವಾಗ ನನ್ನ ಫೋನಿನಿಂದಲೇ ಲಾಗಿನ್ ಆಗಿ, ಬೇರೆ ಮತದಾರರ ಪರವಾಗಿ ಅಂತ ಆರಿಸಿಕೊಂಡರೆ ನಡೆಯಿತು. ವಿಳಾಸಕ್ಕೆ ಇವರ ಹೆಸರಿನಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಕರೆಂಟ್ ಬಿಲ್ ನನ್ನ ಹೆಸರಿನಲ್ಲಿದೆ. ಆದರೆ ಗಂಡ ಅಥವಾ ಹೆಂಡತಿ ಅದೇ ವಿಳಾಸದಲ್ಲಿ ಈಗಾಗಲೇ ಮತದಾರರಾಗಿದ್ದರೆ ಅವರ ಹೆಸರಿನ ದಾಖಲೆಯೇ ಸಾಕು ಅಂತ ಆ ಫಾರಂನಲ್ಲೇ ಬರೆದಿದೆ. ಯಾರೂ ಓದುವುದಿಲ್ಲ ಅಷ್ಟೇ. ಮೆಸ್ಕಾಂ ಬಿಲ್ಲು, ನನ್ನ ವೋಟರ್ ಕಾರ್ಡು ಎರಡನ್ನೂ ಹಾಕಿದೆ.

ಬಿಎಲ್‌ಒ, ಅಂದರೆ ನಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಆಗಿದ್ದವರು ಪಕ್ಕದ ಬಡಾವಣೆಯ ಅಂಗನವಾಡಿ ಟೀಚರ್. ಮನೆಗೆ ಬಂದು ಇವರನ್ನು ನೋಡಿ, ಹೆಸರು ಕೇಳಿ ಹೋದರು. ಅವರನ್ನು ಬೇಗ ಬರುವ ಹಾಗೆ ಮಾಡಿದ್ದು ಹೇಗೆ ಅಂತ ಬರೆಯಲ್ಲ. ಲಂಚ ಅಲ್ಲ, ಅದನ್ನಂತೂ ಹೇಳಿಬಿಡುತ್ತೇನೆ. ಒಂದೂವರೆ ತಿಂಗಳೋ ಏನೋ ಆದ ಮೇಲೆ ಹೊಸ ವಿಳಾಸದ ಕಾರ್ಡ್ ಪೋಸ್ಟಿನಲ್ಲಿ ಬಂತು. ಖರ್ಚು ಸೊನ್ನೆ. ಅದನ್ನು ತೆಗೆದುಕೊಂಡು ನೇರ ಬ್ಯಾಂಕಿಗೆ ಹೋದೆ. ಅದೇ ಕೌಂಟರ್, ಅದೇ ಮನುಷ್ಯ. ಜೆರಾಕ್ಸ್ ಇಟ್ಟುಕೊಂಡು ಖಾತೆ ಬಿಡುಗಡೆ ಮಾಡಿದರು. ಆಧಾರ್ ಕೇಳಲೇ ಇಲ್ಲ.

ಇಷ್ಟು ಓಡಾಟಕ್ಕೂ ನನ್ನ ಬಸ್ ಚಾರ್ಜ್ ಒಂದು ಪೈಸೆ ಇಲ್ಲ, ಶಕ್ತಿ ಯೋಜನೆ ಇದೆಯಲ್ಲ. ಕಂಡಕ್ಟರಿಗೆ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳುವುದು. ಜನ್ಮವಿಡೀ ಬಸ್ ಓಡಿಸಿದವರ ಕಾಗದಪತ್ರಕ್ಕೆ ಆ ಬಸ್ಸುಗಳೇ ನನ್ನನ್ನು ಪುಕ್ಕಟೆ ಹೊತ್ತು ತಿರುಗಿಸಿದವು.

ಇನ್ನು ಆಧಾರ್. ಎದ್ದು ಓಡಾಡಲು ಆಗದವರ ಮನೆಗೇ ಕಿಟ್ ತಂದು ಮಾಡಿಕೊಡುವ ವ್ಯವಸ್ಥೆ ಇದೆ. ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ. ಬೆಂಗಳೂರಿನ ಆಧಾರ್ ಪ್ರಾದೇಶಿಕ ಕಚೇರಿಗೆ ಇಮೇಲ್ ಹಾಕಬೇಕು. ವೋಟರ್ ಕಾರ್ಡ್, ಹಳೇ ಆಧಾರ್ ಪ್ರತಿ, ಇಂಥವರು ಹಾಸಿಗೆ ಹಿಡಿದಿದ್ದಾರೆ ಅಂತ ಡಾಕ್ಟರ ಪತ್ರ, ನಮ್ಮ ಫೋನ್ ನಂಬರ್ ಎಲ್ಲ ಸೇರಿಸಿದೆವು. ಡಾಕ್ಟರ ಪತ್ರದಲ್ಲಿ ಏನು ಬರೆಸಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇರುವುದು. ಅನಾರೋಗ್ಯ ಅಂತ ಒಂದೇ ಪದ ಬರೆಸಿದವರ ಅರ್ಜಿ ವಾಪಸ್ ಬಂದದ್ದನ್ನು ಕಂಡಿದ್ದೇನೆ. ನಾನು ಬರೆಸಿದ ಎರಡು ಸಾಲು ನನ್ನ ಹತ್ತಿರವೇ ಇರಲಿ. ಬೇಕಾದವರು ಮನೆಗೆ ಬಂದರೆ ತೋರಿಸುತ್ತೇನೆ.

ಬಂದ ಹುಡುಗನ ಹತ್ತಿರ ಎರಡು ದೊಡ್ಡ ಬ್ಯಾಗು. ಲ್ಯಾಪ್‌ಟಾಪ್, ಕ್ಯಾಮೆರಾ, ಬೆರಳಿನ ಯಂತ್ರ, ಕಣ್ಣಿನ ಯಂತ್ರ, ಪ್ರಿಂಟರ್. ನನ್ನ ಹೊಲಿಗೆ ಮೆಷಿನ್ ಮೇಜನ್ನು ಖಾಲಿ ಮಾಡಿ ಮಂಚದ ಪಕ್ಕಕ್ಕೆ ಎಳೆದೆವು. ನೆಟ್‌ವರ್ಕ್ ಕಿಟಕಿ ಹತ್ತಿರ ಮಾತ್ರ ಸಿಗುತ್ತಿತ್ತು, ಆದ್ದರಿಂದ ಮಂಚವನ್ನೂ ಎಳೆಯಬೇಕಾಯಿತು. ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿ, ಹಿಂದೆ ಲೈನಿಂಗಿನ ಬಿಳಿ ಬಟ್ಟೆ ಇಳಿಬಿಟ್ಟೆ. ಫೋಟೊ ಆಯಿತು. ಕಣ್ಣಿನ ಯಂತ್ರ ಬೈನಾಕ್ಯುಲರ್ ಇದ್ದ ಹಾಗಿದೆ, ಅದೂ ಸಲೀಸಾಗಿ ಆಯಿತು.

ಬೆರಳಿಗೇ ಹೊತ್ತು ಹಿಡಿದದ್ದು. ಯಂತ್ರವನ್ನು ಹಾಸಿಗೆ ಮೇಲಿಟ್ಟರೆ ಹಾಸಿಗೆ ತಗ್ಗಿ ನಾಲ್ಕು ಬೆರಳೂ ಒಂದೇ ಸಮ ಕೂರುತ್ತಿರಲಿಲ್ಲ. ಅಡುಗೆಮನೆಯಿಂದ ಕೂರುವ ಮಣೆ ತಂದು ಕೆಳಗಿಟ್ಟೆ. ಬಲ ಮುಷ್ಟಿಗೆ ಬಿಸಿನೀರಿನ ಟವೆಲ್ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು, ಕಿರುಬೆರಳಿನ ಕಡೆಯಿಂದ ಒಂದೊಂದಾಗಿ ಬಿಡಿಸಿದೆ. ಹೆಬ್ಬೆರಳನ್ನು ಮೊದಲು ಎಳೆದರೆ ಇಡೀ ಕೈ ಇನ್ನೂ ಬಿಗಿ ಆಗುತ್ತದೆ, ಇದು ದಿನಾ ಸ್ನಾನ ಮಾಡಿಸುವ ನನಗೆ ಗೊತ್ತು, ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು. ಪೂರ್ತಿ ಒಂದು ಗಂಟೆಯಾದರೂ ಆಗಿರಬೇಕು. ಪಾಪ, ಒಂದು ಸಲವೂ ಮುಖ ಸಿಂಡರಿಸಲಿಲ್ಲ.

ದರ 700 ರೂಪಾಯಿ. ಅದೇ ಮನೆಯಲ್ಲಿ ಇನ್ನೊಬ್ಬರಿಗೆ ಮಾಡಿಸಿದರೆ 350. ನನ್ನ ಫೋಟೊವೂ ಹಳೆಯದಾಗಿತ್ತು, ನನ್ನದನ್ನೂ ಮಾಡಿಸಿಕೊಂಡೆ. ಒಟ್ಟು ಸಾವಿರದ ಐವತ್ತು. ಆಂಬ್ಯುಲೆನ್ಸಿನವರು ಬರೀ ಹೋಗಿಬರಲು ಎರಡು ಸಾವಿರ ಕೇಳಿದ್ದರು, ಎತ್ತಿ ಇಳಿಸುವವರಿಗೆ ಬೇರೆ. ಲೆಕ್ಕ ನೀವೇ ಹಾಕಿ. ವಿಳಾಸ, ಮೊಬೈಲ್, ಫೋಟೊ, ಬೆರಳು ಎಲ್ಲ ಒಂದೇ ಸಲಕ್ಕೆ ಆಯಿತು. ಎರಡು ಮೂರು ವಾರದಲ್ಲಿ ನನ್ನ ಫೋನಿಗೆ ಮೆಸೇಜ್ ಬಂತು. ಆಮೇಲೆ 50 ರೂಪಾಯಿ ಕಟ್ಟಿ ಪ್ಲಾಸ್ಟಿಕ್ ಕಾರ್ಡನ್ನೂ ತರಿಸಿದೆ.

ಮಧ್ಯದಲ್ಲಿ ಇನ್ನೂ ಒಂದೆರಡಕ್ಕೆ ಕೈ ಹಾಕಿದ್ದೆ. ಹಿರಿಯ ನಾಗರಿಕರ ಕಾರ್ಡಿಗೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಹೋದರೆ ಅದಕ್ಕೂ ಆಧಾರ್ ಬೇಕು, ಅಲ್ಲಿಗೆ ಬಿಟ್ಟೆ. ಅಂಗವಿಕಲರ ಯುಡಿಐಡಿ ಕಾರ್ಡ್ ಒಳ್ಳೆಯದು. ಅಂಗವೈಕಲ್ಯ ಶೇಕಡಾ 40ರ ಮೇಲಿದ್ದರೆ ಹಳದಿ, 80ರ ಮೇಲಿದ್ದರೆ ನೀಲಿ. ವೋಟು ಹಾಕಲೂ ಅದನ್ನು ತೋರಿಸಬಹುದು. ಆದರೆ ಎಷ್ಟು ಪರ್ಸೆಂಟ್ ಅಂತ ಬರೆಯಲು ಡಾಕ್ಟರು ನೋಡಬೇಕು, ಅಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅರ್ಜಿ ಹಾಕಿಟ್ಟಿದ್ದೇನೆ. ಮುಂದಿನ ಸಲ ಯಾವುದಾದರೂ ಚೆಕಪ್ಪಿಗೆ ಹೋದಾಗ ಅದನ್ನೂ ಮುಗಿಸುವುದು, ಅದಕ್ಕೆಂದೇ ಗಾಡಿ ಮಾಡುವುದಿಲ್ಲ.

ಆಧಾರ್ ಸರಿ ಆದ ಮೇಲೆ ಮತ್ತೆ ಜೀವನ ಪ್ರಮಾಣ್ ತೆರೆದೆ. ಫೋನ್ ಹಿಡಿಯುವವರ ಮುಖ ಮೊದಲು ಒಂದು ಸಲ ತೋರಿಸಬೇಕು, ಆಮೇಲೆ ಪಿಂಚಣಿದಾರರದು. ಈ ಸಲ ಮುಖ ಹಿಡಿಯಿತು, ಆದರೆ ಕಣ್ಣು ಮಿಟುಕಿಸಿ ಅನ್ನುತ್ತದೆ. ಇವರು ಮಿಟುಕಿಸುವುದೇ ಇಲ್ಲ. ರಾತ್ರಿ ಬಸ್ಸಿನಲ್ಲಿ ರಸ್ತೆ ನೋಡಿದ ಹಾಗೆ ಫೋನನ್ನು ದಿಟ್ಟಿಸುತ್ತಾ ಕೂತರು. ರೀ ಮಿಟುಕಿಸಿ ಅಂದರೆ ಹೂಂ ಅನ್ನುತ್ತಾರೆ, ಕಣ್ಣು ಮಾತ್ರ ಆಡಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ, ತಕ್ಷಣ ಮಿಟುಕಿಸಿದರು. ಆ ಉಪಾಯ ಗಂಡ ಹೆಂಡಿರ ಗುಟ್ಟು, ಕೇಳಬೇಡಿ. ಹಸಿರು ಗುರುತು ಬಂತು. ಮುಂದಿನ ಪಿಂಚಣಿಯ ಜೊತೆಗೆ ನಿಂತಿದ್ದ ತಿಂಗಳುಗಳದ್ದೂ ಸೇರಿ ಖಾತೆಗೆ ಬಿತ್ತು.

ಎಲ್ಲ ಸೇರಿ ಖರ್ಚು ಸಾವಿರದ ಐನೂರರ ಒಳಗೆ. ಆಧಾರಿನದ್ದು ಬಿಟ್ಟರೆ ಜೆರಾಕ್ಸಿನದ್ದೇ ಜಾಸ್ತಿ ಅನ್ನಿಸುತ್ತದೆ. ಈಗ ಭಾವನೇ ತಮ್ಮ ಅತ್ತೆಯ ಆಧಾರ್ ಕಾಗದ ತಂದು ನನ್ನ ಮೆಷಿನ್ ಮೇಲೆ ಇಟ್ಟು ಹೋಗಿದ್ದಾರೆ. ಬೀದಿಯ ಇನ್ನೂ ಒಬ್ಬಿಬ್ಬರು ಕೇಳಿದ್ದಾರೆ. ಬ್ಲೌಸ್ ಹೊಲಿಸಲು ಕೊಟ್ಟವರಿಗೆ ಮೊದಲು ಅಂತ ಹೇಳಿದ್ದೇನೆ.

ಇನ್ನೊಂದು ಮಾತು, ಪಿಎಫ್ ಪಿಂಚಣಿ ಇರುವವರಿಗೆ. ಜೀವನ ಪ್ರಮಾಣ ಪತ್ರ ಕೊಡಲು ಎಲ್ಲರೂ ನವೆಂಬರಿನಲ್ಲೇ ಮುಗಿಬೀಳುತ್ತಾರೆ. ಇಪಿಎಸ್‌ಗೆ ಹಾಗೇನೂ ಇಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ನಾನು ಇವರದ್ದನ್ನು ಬೇಸಿಗೆಯಲ್ಲಿ ಬೆಳಿಗ್ಗೆ ಕಾಫಿ ಕುಡಿಸಿದ ಮೇಲೆ ಮಾಡಿದೆ. ಆ ಹೊತ್ತಿನಲ್ಲಿ ಕಿಟಕಿಯ ಬೆಳಕು ಮುಖದ ಮೇಲೆ ನೇರ ಬೀಳುತ್ತದೆ, ಸರ್ವರ್ ಕೂಡ ಬೇಗ ಸಿಗುತ್ತದೆ.